ಜಂಬಯ್ಯನ ಸೀಲಿಂಗಿಗೆ ಒಂದು ಅಡಿ ಕಡಿಮೆ

ಕಡ್ಡಿರಾಂಪುರದಲ್ಲಿ ಮನೆ ರಿಪೇರಿ ಮಾಡಿಸಬೇಕೆಂದವರು ಮೊದಲು ಮಾಡುವ ಕೆಲಸ ಬಾಯಿ ಮುಚ್ಚಿಕೊಳ್ಳುವುದು. ಹಂಪಿಯ ಸೀಮೆಗೆ ಸೇರಿದ ಊರು. ಇಲ್ಲಿ ಒಂದು ಇಟ್ಟಿಗೆ ಏರಿಸಲೂ ಅಪ್ಪಣೆ ಬೇಕು, ಒಂದು ಗುದ್ದಲಿ ಇಳಿಸಲೂ ಅಪ್ಪಣೆ ಬೇಕು. ಹಾಗಾಗಿ ಜನ ಶನಿವಾರ ಮಧ್ಯಾಹ್ನ ಕೆಲಸ ಶುರು ಮಾಡಿ, ಸೋಮವಾರ ಆಫೀಸಿನ ಬೀಗ ತೆಗೆಯುವಷ್ಟರಲ್ಲಿ ಸುಣ್ಣ ಬಳಿದು, ಹೊಸ ಗೋಡೆಗೆ ಹಳೇ ಕ್ಯಾಲೆಂಡರ್ ನೇತುಹಾಕಿ, 'ಇದು ನಮ್ಮ ಮುತ್ತಜ್ಜನ ಕಾಲದ್ದು' ಎಂದು ಕೂತುಬಿಡುತ್ತಾರೆ. ತಾನಾಗಿ ಅಪ್ಪಣೆ ಕೇಳಲು ಹೋದವನು ಊರಿನ ಇತಿಹಾಸದಲ್ಲಿ ಒಬ್ಬನೇ ಒಬ್ಬ. ಅವನೇ ನಮ್ಮ ಜಂಬಯ್ಯ.

ಜಂಬಯ್ಯ ಕುರೆಕುಪ್ಪದ ಕಡೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ. ಹೆಲ್ಮೆಟ್ ಇಲ್ಲದವರನ್ನೂ ಪಾಸ್ ಇಲ್ಲದವರನ್ನೂ ಹೊರಗೆ ನಿಲ್ಲಿಸಿ ನಿಲ್ಲಿಸಿ ರೂಲು ಎಂಬುದು ಅವನ ಮೈಗೇ ಹತ್ತಿಬಿಟ್ಟಿತ್ತು. ಒಮ್ಮೆ ಪಾಸ್ ಮರೆತು ಬಂದ ದೊಡ್ಡ ಮ್ಯಾನೇಜರನ್ನೇ ಬಿಸಿಲಲ್ಲಿ ನಿಲ್ಲಿಸಿ, 'ನೀವ್ಯಾರು ಅಂತ ನನಗ ಗೊತ್ತೈತ್ರಿ, ಆದ್ರ ರೂಲಿಗೆ ಗೊತ್ತಿಲ್ಲ' ಎಂದಿದ್ದನಂತೆ. ಅಂಥ ಮನುಷ್ಯನಿಗೆ ಸೀಲಿಂಗ್ ಹಾಕಿಸುವ ಯೋಗ ಬಂತು.

ಬಂದದ್ದು ಮಗಳ ಕುಬುಸದ ದಿನ. ಒಬ್ಬಳೇ ಮಗಳು ಹೇಮಾವತಿಯನ್ನು ಕಂಪ್ಲಿಗೆ ಕೊಟ್ಟಿದ್ದ. ಚೊಚ್ಚಲ ಬಸುರಿ. ಕುಬುಸ ಮುಗಿಸಿ ಮಗಳನ್ನು ಹೆರಿಗೆಗೆ ತವರಿಗೆ ಕರೆದೊಯ್ಯಲು ಜಂಬಯ್ಯ, ಅವನ ಹೆಂಡತಿ ರೇಣುಕಮ್ಮ ಇಬ್ಬರೂ ಬುಟ್ಟಿ ತುಂಬ ಉಂಡಿ ಹೊತ್ತುಕೊಂಡು ಹೋಗಿದ್ದರು. ಉಂಡಿಗಳನ್ನು ಒಳಗಿಟ್ಟುಕೊಂಡ ಬೀಗಿತ್ತಿ ಎರ್ರೆಮ್ಮ, ಸೊಸೆಯನ್ನು ಮಾತ್ರ ಹೊರಗೆ ಬಿಡಲಿಲ್ಲ.

"ಕರಕೊಂಡು ಹೋಗ್ತೀನಿ ಅಂತೀರಲ್ರಿ ಬೀಗ್ರ, ಎಲ್ಲಿಗೆ? ಆ ತಗಡಿನ ಮನಿಗಾ?" ಎಂದಳು, ಅರಿಶಿಣ ಕುಂಕುಮಕ್ಕೆ ಬಂದ ಓಣಿಯ ಹೆಂಗಸರೆಲ್ಲ ಕೇಳುವ ಹಾಗೆ. "ಹೋದ ಬ್ಯಾಸಿಗ್ಯಾಗ ನಿಮ್ಮಲ್ಲಿಗೆ ಬಂದಾಗ ನನ್ನ ತಲಿಗೆ ಹಚ್ಚಿದ ಎಣ್ಣಿ ಕಾದು ಒಗ್ಗರಣಿ ವಾಸನಿ ಬಂತು. ಆ ಮನ್ಯಾಗ ಬಾಣಂತಿ ಮಲಗಿದ್ರ ಕೂಸು ರೊಟ್ಟಿ ಹಂಗ ಉಬ್ಬಿ ಬರ್ತೈತಿ. ಬ್ಯಾಡ. ಬಾಣಂತನ ನಮ್ಮಲ್ಲೇ ಆಗ್ಲಿ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಲಿಲ್ಲವೆಂದರೆ ತವರಿಗೆ ಗತಿಯಿಲ್ಲ ಎಂದು ಊರಿಗೆ ಡಂಗುರ ಹೊಡೆಸಿದಂತೆ. ಹೇಮಾವತಿ ತಲೆ ತಗ್ಗಿಸಿದಳು. ಜಂಬಯ್ಯ ಅದನ್ನು ನೋಡಿದ. ಎದ್ದು ನಿಂತು ಟವೆಲ್ಲನ್ನು ಹೆಗಲಿಗೆ ಎಸೆದುಕೊಂಡ.

"ಅಕ್ಕಾರ, ಬರೋ ಹುಣ್ಣಿವಿ ಒಳಗ ನಮ್ಮ ಮನಿಗೆ ಪಿಒಪಿ ಸೀಲಿಂಗ್ ಹಾಕಿಸ್ತೀನಿ. ನಡುವ ಕಮಲದ ಹೂವು, ಸುತ್ತ ಲೈಟು. ಹಾಕಿಸಿ ಬಂದು ಮಗಳನ್ನ ಕರಕೊಂಡು ಹೋಗ್ತೀನಿ. ಯಾರು ತಡಿತಾರ ನೋಡ್ತೀನಿ!"

"ಹಾಕಿಸ್ರಿ. ನಾನ ಬಂದು ನೋಡ್ತೀನಿ. ಆಮ್ಯಾಲ ಮಾತು."

ಜಂಬಯ್ಯನ ಮನೆಯದು ತಗಡಿನ ಮಾಡು ಎಂಬುದು ನಿಜ. ಹಳೇ ಅಕ್ಕಿ ಗಿರಣಿಯೊಂದನ್ನು ಕೆಡವಿದಾಗ ಸಿಕ್ಕ, ಮಾಡು ಹೊರುವ ತ್ರಿಕೋನಾಕಾರದ ಕಬ್ಬಿಣದ ಟ್ರಸ್‌ಗಳನ್ನು ಅಳತೆಗೆ ಕತ್ತರಿಸಿ ತಂದು, ಗೋಡೆಯ ಮೇಲೆ ಕೂರಿಸಿ, ತಗಡು ಹೊದಿಸಿದ್ದ. ಟ್ರಸ್‌ಗಳು ಎಷ್ಟು ಗಟ್ಟಿಯೆಂದರೆ ಗೋಡೆಗಳೇ ಅವಕ್ಕೆ ಜೋತುಬಿದ್ದ ಹಾಗೆ ಕಾಣುತ್ತಿದ್ದವು. ಸೀಲಿಂಗ್ ಮೇಸ್ತ್ರಿ ಹಂಪೇಶ್ ಬಂದು ನೋಡಿದವನೇ, ಟ್ರಸ್ಸಿನ ಕೆಳಪಟ್ಟಿಗೆ ತಂತಿ ಕಟ್ಟಿ ಸಪಾಟಾಗಿ ಇಳಿಬಿಟ್ಟರೆ ಆಯಿತು, ಶನಿವಾರ ಶುರು ಮಾಡೋಣ ಎಂದ.

"ಶನಿವಾರ ಯಾಕ? ಅಪ್ಪಣೆ ತಗೊಂಡು ಬುಧವಾರ ಹಗಲಿನ್ಯಾಗ ಮಾಡೋಣ," ಎಂದ ಜಂಬಯ್ಯ.

ರೇಣುಕಮ್ಮ ಒಲೆಯ ಮುಂದಿನಿಂದ ಎದ್ದೇ ಬಂದಳು. "ನಿಮಗೇನ ಬಂದೈತ್ರಿ? ಇಡೀ ಊರಾಗ ಯಾರ ಕೇಳ್ಯಾರ? ಸುಮ್ಮನಿದ್ದ ಹಾವಿಗೆ ಮೀಸಿ ತಿರುವಾಕ ಹೊಂಟೀರಲ್ಲ!"

"ನಾಳೆ ನಿಮ್ಮ ಬೀಗಿತ್ತಿ ಬಂದು ಕಳ್ಳ ಸೀಲಿಂಗ್ ಅಂದ್ರ? ನನ್ನ ಮಗಳು ರೂಲಿನ ಸೀಲಿಂಗ್ ಕೆಳಗ ಮಲಗ್ತಾಳ," ಎಂದು ಜಂಬಯ್ಯ ಯೂನಿಫಾರ್ಮು ಇಸ್ತ್ರಿ ಮಾಡಿಸಿ ಹಾಕಿಕೊಂಡು ಹೊಸಪೇಟೆಗೆ ಹೋದ.

ಅಲ್ಲಿ ಅಪ್ಪಣೆ ಕೊಡುವ ಆಫೀಸಿನಲ್ಲಿ ಇಂಜಿನಿಯರ್ ಲಿಂಗರಾಜ್ ಎಂಬುವರು ಫ್ಯಾನಿನ ಕೆಳಗೆ ಕೂತಿದ್ದರು. ತಾನಾಗಿ ಅಪ್ಪಣೆ ಕೇಳಲು ಬಂದ ಮನುಷ್ಯನನ್ನು ಅವರು ನೌಕರಿಗೆ ಸೇರಿದಾಗಿನಿಂದ ಕಂಡಿರಲಿಲ್ಲ. ಕುರ್ಚಿ ಹಾಕಿಸಿದರು. ಚಹಾ ತರಿಸಿದರು. ಪಕ್ಕದ ಕೋಣೆಯವರನ್ನೆಲ್ಲ ಕರೆದು, "ನೋಡ್ರಿ, ಇವ್ರು ತಾವಾಗೇ ಬಂದಾರ!" ಎಂದು ತೋರಿಸಿದರು. ಆ ಖುಷಿಯಲ್ಲಿ ಅಂದೇ ಜೀಪು ಹತ್ತಿ ಕಡ್ಡಿರಾಂಪುರಕ್ಕೆ ಬಂದು ಟೇಪು ಬಿಚ್ಚಿದರು. ಸರ್ಕಾರದ ಟೇಪು ಒಮ್ಮೆ ಬಿಚ್ಚಿಕೊಂಡರೆ ಸುಮ್ಮನೆ ಒಳಗೆ ಹೋಗುವ ಜಾತಿಯದಲ್ಲ.

"ಜಂಬಯ್ಯನವ್ರ, ಒಂದು ತೊಂದ್ರಿ ಐತ್ರಿ. ನೆಲದಿಂದ ಟ್ರಸ್ಸಿನ ಕೆಳಪಟ್ಟಿಗೆ ಎಂಟು ಅಡಿ. ಮಂದಿ ಮಲಗಿ ಏಳೋ ಕೋಣಿ ಒಂಬತ್ತು ಅಡಿ ಇರಬೇಕು."

"ಈಗ್ಲೂ ಎಂಟಾ ಐತಲ್ರಿ ಸಾಹೇಬ್ರ?"

"ಈಗ ಸೀಲಿಂಗ್ ಇಲ್ಲಲ್ರಿ. ತಗಡಿನ ತನಕ ಲೆಕ್ಕ, ಸರಾಸರಿ ತಗದ್ರ ಬೇಕಾದಷ್ಟಾತು. ಹಳೇ ಮನಿ ಹೆಂಗೈತಿ ಹಂಗ ಇದ್ರ ನಾವು ಕೇಳಂಗಿಲ್ಲ. ಕೈ ಹಚ್ಚಿದ್ರೋ, ಹೊಸಾ ರೂಲು ಬಂತು."

"ಹಂಗಾದ್ರ ಟ್ರಸ್ಸನ್ನೇ ಒಂದಡಿ ಮ್ಯಾಲ ಎತ್ತಿಸ್ತೀನಿ."

ಲಿಂಗರಾಜ್ ಎರಡೂ ಕಿವಿ ಮುಟ್ಟಿಕೊಂಡರು. "ಮ್ಯಾಲ? ಹಂಪಿ ಸೀಮ್ಯಾಗ? ನಿಮ್ಮ ಮನಿ ಒಂದಡಿ ಎದ್ರ ಗುಡ್ಡದ ಮ್ಯಾಲ ನಿಂತು ಫೋಟೋ ಹೊಡಿಯೋರಿಗೆ ಅಡ್ಡ ಬರ್ತೈತ್ರಿ. ಒಂದು ಕೆಲಸ ಮಾಡ್ರಿ. ತಗಡಿನ ಇಳಿಜಾರು ಹಿಡಕೊಂಡು ಓರೆಗೆ ಸೀಲಿಂಗ್ ಹಾಕ್ರಿ. ರೂಲಿಗೂ ಸರಿ, ನಿಮಗೂ ಸರಿ."

ಇದು ಬುದ್ಧಿವಂತರ ಮಾತು. ಜಂಬಯ್ಯ ಅಲ್ಲಿಗೆ ಹೂಂ ಎಂದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಮುಂದಿನ ರಾಮಾಯಣವೂ ಇರುತ್ತಿರಲಿಲ್ಲ.

"ಕಮಲದ ಹೂವು ಎಲ್ಲಿ ಹಚ್ಚಲ್ರಿ?"

"ಓರೆಗೇ ಹಚ್ರಿ."

"ಜಾರಿ ಬೀಳಾಕ ನಿಂತಂಗ ಕಾಣ್ತೈತಲ್ರಿ. ನಮ್ಮ ಬೀಗಿತ್ತಿ ನೋಡಿ ನಗಂಗಿಲ್ಲೇನ್ರಿ? ಕಮಲ ಯಾವತ್ತರ ಓರೆಗೆ ಅರಳಿದ್ದು ನೋಡೀರಾ ನೀವು?"

ಮಟಮಟ ಮಧ್ಯಾಹ್ನ. ನಮ್ಮ ಕಡೆ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ. ಕಾದ ತಗಡಿನ ಕೆಳಗೆ ಕಮಲದ ಚರ್ಚೆ ಮುಗಿಯುವ ಲಕ್ಷಣ ಕಾಣಲಿಲ್ಲ. ಲಿಂಗರಾಜರ ಅಂಗಿ ಬೆನ್ನಿಗೆ ಅಂಟಿತ್ತು, ಕನ್ನಡಕ ಮೂಗಿನಿಂದ ಜಾರುತ್ತಿತ್ತು. ಕೊನೆಗೆ ಅವರು ಟೇಪು ಸುತ್ತಿಕೊಂಡು, "ಮ್ಯಾಲಕ್ಕ ಹೋಗಂಗಿಲ್ಲ ಅಂದ್ನಲ್ರಿ! ಹೋಗೋದಾದ್ರ ಕೆಳಕ್ಕ ಹೋಗ್ರಿ!" ಎಂದು ಕೂಗಿ ಜೀಪಿನ ಕಡೆ ಓಡಿದರು.

ಜಂಬಯ್ಯ ಅಟೆನ್ಷನ್ನಿನಲ್ಲಿ ನಿಂತಿದ್ದ. ಗೇಟಿನಲ್ಲಿ ಸಾಹೇಬರು ಬಾಯಿಮಾತಿನಲ್ಲಿ ಹೇಳಿದ್ದೂ ಆರ್ಡರೇ.

"ಕೇಳಿದೇನು?" ಎಂದ ಹೆಂಡತಿಗೆ. "ಕೆಳಕ್ಕ ಹೋಗಾಕ ಆರ್ಡರ್ ಆತು. ನೆಲ ಒಂದಡಿ ಇಳಿಸಿದ್ರ ಒಂಬತ್ತು ಅಡಿ ಆಗ್ತೈತಿ. ಎಂಥಾ ತಲಿ ನೋಡು ಅವರ್ದು!"

ಮರುದಿನ ಹಂಪೇಶ್ ಇಬ್ಬರು ಆಳುಗಳನ್ನು ಕರೆತಂದ. ಗುದ್ದಲಿ ಹಾಕುವ ಮೊದಲು ಪೂಜೆಯಾಗಬೇಕಲ್ಲ. ಗುದ್ದಲಿಗೆ ಕುಂಕುಮ ಹಚ್ಚಿ, ನಾಲ್ಕು ಮೂಲೆಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದರು. ಬಿಸಿಗಾಳಿ ಬರದಿರಲೆಂದು ಬಾಗಿಲು ಕಿಟಕಿ ಹಾಕಿಕೊಂಡರು. ಗೋಡೆಯ ಬುನಾದಿಗೆ ಧಕ್ಕೆಯಾಗದ ಹಾಗೆ ಸುತ್ತ ಒಂದು ಮೊಳ ಕಟ್ಟೆ ಬಿಟ್ಟು ನಡುವೆ ಅಗೆಯತೊಡಗಿದರು. ಸಿಮೆಂಟು ನೆಲದ ಕೆಳಗೆ ಬಂದ ಮಣ್ಣು ತೇವದ್ದು. ಹಿತ್ತಲಾಚೆ ಕಾಲುವೆ, ಬಾಳೆತೋಟ. ಮಣ್ಣು ಅಂಗಳದಲ್ಲಿ ಬೀಳುವುದು ಬೇಡವೆಂದು ರೇಣುಕಮ್ಮ ಅದನ್ನು ಗೋಣಿಚೀಲಕ್ಕೆ ತುಂಬಿಸಿ, ಬಾಯಿ ಹೊಲಿಸಿ, ಹಿತ್ತಲಿಗೆ ಸಾಗಿಸಿದಳು.

ಹಾಕಿದ ಬಾಗಿಲು, ಒಳಗೆ ಗುದ್ದಲಿಯ ಸದ್ದು, ನಿಂಬೆಹಣ್ಣು, ಹೊಲಿದ ಚೀಲ. ಹಂಪಿ ಸೀಮೆಯಲ್ಲಿ ಇವಿಷ್ಟು ಸೇರಿದರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ಎಳೆ ಮಕ್ಕಳಿಗೂ ಗೊತ್ತು. ಜಂಬಯ್ಯನೊಬ್ಬನಿಗೆ ಗೊತ್ತಿರಲಿಲ್ಲ. ಎದುರು ಮನೆಯ ಅಂಗಡಿ ಕೊಟ್ರಯ್ಯ ತಡೆಯಲಾರದೆ ಸಂಜೆ ಬಂದು ನಿಂತ.

"ಏನ್ ಜಂಬಣ್ಣ, ಒಳಗ ಧಡ್ ಧಡ್ ನಡದೈತಲ್ಲ?"

"ಕೆಳಗ ಹೊಂಟೀವಪ್ಪ."

ಕೊಟ್ರಯ್ಯ ದನಿ ಇಳಿಸಿದ. "ಸಿಕ್ತೇನು?"

"ಅರ್ಧ ಅಡಿ ಸಿಕ್ಕೈತಿ. ಇನ್ನರ್ಧ ಅಡಿ ಸಿಕ್ರ ಸಾಕು, ನನ್ನ ಮಗಳ ಬಾಣಂತನ ಮಸ್ತ್ ಆಗ್ತೈತಿ."

ಬಾಯಿಗೆ ಹೊರಟ ಅಡಿಕೆ ಕೊಟ್ರಯ್ಯನ ಕೈಯಲ್ಲೇ ಉಳಿಯಿತು. "ಅಲ್ಲೇ ಐತಿ ಅಂತ ಯಾರು ಹೇಳಿದ್ರು?"

"ಸರ್ಕಾರದ ಇಂಜಿನಿಯರ್ ಬಂದು ಟೇಪು ಹಿಡದು ಹೇಳಿ ಹೋಗ್ಯಾರ. ಬೇಕಾದ್ರ ನೀನೂ ಅಗಿ. ನಿಮ್ಮನ್ಯಾಗೂ ಇಷ್ಟಾ ಸಿಗ್ತೈತಿ."

ಕೊಟ್ರಯ್ಯ ಅಂಗಡಿ ಮುಚ್ಚಿದ. ಹಬ್ಬಕ್ಕೂ ಮುಚ್ಚದ ಅಂಗಡಿ. ಆ ಹೊತ್ತಿನಿಂದ ಜಂಬಯ್ಯನಿಗೆ ಊರಿನಲ್ಲಿ ಎಲ್ಲಿಲ್ಲದ ಮರ್ಯಾದೆ ಶುರುವಾಯಿತು. ಮಾತು ಬಿಟ್ಟಿದ್ದ ದಾಯಾದಿಗಳು ಮಜ್ಜಿಗೆ ತಂದುಕೊಟ್ಟರು. 'ಲೇ ಜಂಬ್ಯಾ' ಎನ್ನುತ್ತಿದ್ದವರು 'ಜಂಬಯ್ಯನವ್ರ' ಎಂದರು. ಜಂಬಯ್ಯ ಇದೆಲ್ಲ ರೂಲು ಪಾಲಿಸಿದ್ದಕ್ಕೆ ಸಿಕ್ಕ ಗೌರವ ಎಂದುಕೊಂಡು ಮೀಸೆ ತೀಡಿದ. ಕಡ್ಡಿರಾಂಪುರದಲ್ಲಿ ಅರ್ಧ ಅಡಿ ಇದ್ದ ಬಂಗಾರದ ಮೂರ್ತಿ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮೂರಡಿಯಾಯಿತು. ಕಂಪ್ಲಿ ಬಸ್ಸಿನಲ್ಲಿ ಅದಕ್ಕೆ ಆಳೆತ್ತರ ಬಂತು. ಎರ್ರೆಮ್ಮನ ಕಿವಿಗೆ ಬೀಳುವ ಹೊತ್ತಿಗೆ ಆನೆಯ ಮೇಲೆ ಕೂತಿತ್ತು.

ಮೂರನೆಯ ದಿನ ಮಧ್ಯಾಹ್ನ, ನೆಲ ಸರಿಯಾಗಿ ಒಂದಡಿ ಇಳಿದ ಗಳಿಗೆಯಲ್ಲೇ ಜೀಪು ಬಂತು. ಮುಂದೆ ಲಿಂಗರಾಜ್, ಹಿಂದೆ ಬೈಕಿನಲ್ಲಿ ಪೊಲೀಸ್ ಯಲ್ಲೇಶ್, ಅವರ ಹಿಂದೆ ಇಡೀ ಊರು. ಜಂಬಯ್ಯ ಬಾಗಿಲಿಗೆ ಅಡ್ಡ ಕೈ ಹಿಡಿದು ನಿಂತ.

"ನಿಲ್ರಿ! ಕೆಲಸ ನಡಿಯೋ ಜಾಗ ಇದು. ಹೆಲ್ಮೆಟ್ ಇಲ್ದ ಒಳಗ ಬಿಡಂಗಿಲ್ಲ."

"ಏ, ನಾವು ನಿನ್ನ ಹಿಡಿಯಾಕ ಬಂದೀವಿ!" ಎಂದ ಯಲ್ಲೇಶ್.

"ಹಿಡೀರಿ, ಯಾರ ಬ್ಯಾಡ ಅಂದ್ರು? ಹೆಲ್ಮೆಟ್ ಹಾಕ್ಕೊಂಡು ಹಿಡೀರಿ."

ಮೇಲಿನ ತಗಡು, ಎದುರಿನ ಬಿಸಿಲು. ವಾದಿಸುವ ಶಕ್ತಿ ಯಾರಿಗೂ ಇರಲಿಲ್ಲ. ಯಲ್ಲೇಶ್ ಬೈಕಿನ ಹೆಲ್ಮೆಟ್ ತಂದು ಹಾಕಿಕೊಂಡ. ಲಿಂಗರಾಜರಿಗೆ ಹೆಲ್ಮೆಟ್ ಇರಲಿಲ್ಲ. ರೇಣುಕಮ್ಮ ಪಾಪವೆಂದು ಅಲ್ಯೂಮಿನಿಯಂ ಬೋಗುಣಿ ಕೊಟ್ಟಳು. ಸರ್ಕಾರಿ ಇಂಜಿನಿಯರು ತಲೆಗೆ ಬೋಗುಣಿ ಕವುಚಿಕೊಂಡು ಸ್ಥಳ ತನಿಖೆಗೆ ಒಳಗೆ ಕಾಲಿಟ್ಟರು.

ಯಲ್ಲೇಶ್ ಮೂಲೆಯಿಂದ ನಿಂಬೆಹಣ್ಣು ಎತ್ತಿ ಹಿಡಿದ. "ಸಾರ್, ನಿಧಿ ತಗಿಯೋ ಸಾಮಾನು!"

"ನಿಮ್ಮ ಬೈಕಿನ ಮುಂದ ನೇತಾಡಾಕ ಹತ್ತೈತಲ್ಲ, ಅದೇನ್ರಿ? ಬೈಕಿನ ಹೊಟ್ಯಾಗ ಏನ್ ನಿಧಿ ಐತಿ?" ಎಂದಳು ರೇಣುಕಮ್ಮ.

ಚೀಲಗಳ ಹೊಲಿಗೆ ಬಿಚ್ಚಿ ನೋಡಿದರು. ಮಣ್ಣು. ಇನ್ನೊಂದರಲ್ಲೂ ಮಣ್ಣು. ಊರಿನ ಜನರ ಮುಖ ಸಪ್ಪೆಯಾಯಿತು. ಮಜ್ಜಿಗೆ ಕೊಟ್ಟ ದಾಯಾದಿ ತನ್ನ ಚೊಂಬು ಹುಡುಕತೊಡಗಿದ. ಲಿಂಗರಾಜರ ಸಿಟ್ಟು ಮಾತ್ರ ಇಳಿಯಲಿಲ್ಲ.

"ನಿಧಿ ಐತೋ ಇಲ್ಲೋ, ಅದು ಪೊಲೀಸರ ಮಾತು. ಈ ಸೀಮ್ಯಾಗ ಅಪ್ಪಣೆ ಇಲ್ದ ನೆಲ ಅಗಿಯೋದು ತಪ್ಪು, ಇದು ನನ್ನ ಮಾತು. ಯಾರು ಹೇಳಿದ್ರು ನಿಮಗ ಅಗೀರಿ ಅಂತ?"

"ನೀವ ಹೇಳಿದ್ರಿ. ಕೆಳಕ್ಕ ಹೋಗ್ರಿ ಅಂದ್ರಿ."

"ನಾನು ಚಾಷ್ಟಿಗೆ ಅಂದದ್ದು!"

"ಟೇಪು ಕೈಯಾಗ ಹಿಡದು ಚಾಷ್ಟಿ ಮಾಡಬಹುದು ಅಂತ ಯಾವ ರೂಲ್ನಾಗ ಐತಿ ತೋರಿಸ್ರಿ!" ಜಂಬಯ್ಯನ ದನಿ ಏರಿತು. "ಮ್ಯಾಲ ಹೋಗಬ್ಯಾಡ ಅಂದ್ರಿ, ಹೋಗಲಿಲ್ಲ. ಕೆಳಗ ಹೋಗು ಅಂದ್ರಿ, ಹೋದೆ. ಈಗ ಕೆಳಗೂ ಬ್ಯಾಡ ಅಂತೀರಿ. ನಾನೇನು ನನಗ ಅರಮನಿ ಕಟ್ಟಾಕ ಹತ್ತೀನೇನ್ರಿ? ಮಗಳನ್ನ ಬಾಣಂತನಕ್ಕ ಕರಸಬೇಕು. ಅಷ್ಟಾ."

"ಅದೆಲ್ಲ ನನಗ ಗೊತ್ತಿಲ್ಲ. ಇವತ್ತೇ ಈ ತಗ್ಗು ಮುಚ್ಚಬೇಕು. ನನ್ನ ಕಣ್ಣ ಮುಂದ," ಎಂದು ಲಿಂಗರಾಜ್ ಬೋಗುಣಿ ಸರಿಮಾಡಿಕೊಂಡು ಆಳುಗಳಿಗೆ ಕೈ ತೋರಿಸಿದರು. ಆಳುಗಳು ಮೊದಲ ಚೀಲ ಹೊತ್ತು ತಂದರು. ಜಂಬಯ್ಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮಗಳು ತಲೆ ತಗ್ಗಿಸಿ ಕೂತದ್ದೇ ಅವನ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂದು ನಿಂತಿತು. ಇಳಿದವರು ಎರ್ರೆಮ್ಮ ಮತ್ತು ಹೇಮಾವತಿ. ಎರ್ರೆಮ್ಮ ಗುಂಪನ್ನು ಸೀಳಿಕೊಂಡು ಒಳಗೆ ಬಂದಳು.

"ಎಲ್ಲೈತ್ರಿ ಬೀಗ್ರ?"

"ಏನು ಅಕ್ಕಾರ?"

"ಅದ… ಸೀಲಿಂಗು," ಎಂದಳು, ನೆಲದ ತಗ್ಗಿನೊಳಗೆ ಇಣುಕುತ್ತ. ಅಲ್ಲಿ ಆನೆಯೂ ಇರಲಿಲ್ಲ, ಆನೆಯ ಮೇಲೆ ಕೂತವರೂ ಇರಲಿಲ್ಲ. ಅವಳ ಮುಖ ಕಪ್ಪಿಟ್ಟಿತು. "ಥೂ! ಬಸುರಿನ್ನ ಈ ಬಿಸಿಲಾಗ ಎಳಕೊಂಡು ಬಂದೆ. ಮ್ಯಾಲ ಸೀಲಿಂಗಿಲ್ಲ, ಕೆಳಗ ನೆಲಾನೂ ಇಲ್ಲ. ನಡಿಯಲೇ ಹೇಮಾ, ಬಸ್ ಹೋಗ್ತೈತಿ."

ಹೇಮಾವತಿ ನಡೆಯಲಿಲ್ಲ. ಬಿಸಿಲಿಗೆ ಅವಳ ಮುಖ ಕೆಂಪೇರಿತ್ತು. ಕಟ್ಟೆ ಹಿಡಿದುಕೊಂಡು ಮೆಲ್ಲಗೆ ತಗ್ಗಿಗೆ ಇಳಿದಳು. ಹಸಿ ಮಣ್ಣಿನ ಮೇಲೆ ಆಳುಗಳು ಹಾಸಿದ್ದ ಗೋಣಿತಾಟಿನ ಮೇಲೆ ಕೂತಳು. ಕೂತವಳು ಅಂಗೈಯಿಂದ ನೆಲ ಸವರಿದಳು. ಆಮೇಲೆ ಕಾಲು ಚಾಚಿ, ತೋಳು ದಿಂಬು ಮಾಡಿಕೊಂಡು ಮಲಗಿಯೇಬಿಟ್ಟಳು.

"ಅಪ್ಪಾ, ಎಷ್ಟ್ ತಂಪೈತಿ," ಎಂದಳು.

"ಏಳವ್ವ, ತಗ್ಗು ಮುಚ್ಚಬೇಕು," ಎಂದರು ಲಿಂಗರಾಜ್.

"ನಾ ಏಳಂಗಿಲ್ರಿ. ನನಗ ಇಲ್ಲೇ ಮಲಗಬೇಕು ಅಂತ ಬಯಕಿ ಆಗೇತಿ."

ಚೀಲ ಹೊತ್ತ ಆಳುಗಳು ಹೊತ್ತ ಹಾಗೆಯೇ ನಿಂತರು. ಬಸುರಿಯ ಬಯಕೆಗೆ ಇಲ್ಲವೆನ್ನುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಬೇಕು. ಲಿಂಗರಾಜರಿಗೆ ಅದು ತಿಳಿಯದ್ದಲ್ಲ, ಆದರೆ ಬಾಯಿ ಜಾರಿತು. "ಬಯಕಿ ಅಂದ್ರ ಮೂರು ತಿಂಗಳಿಗಲ್ಲೇನ್ರಿ? ಈಗ್ಯಾಕ?"

ಕಟ್ಟೆಯ ಸುತ್ತ ನಿಂತಿದ್ದ ಹೆಂಗಸರೆಲ್ಲ ಒಮ್ಮೆಲೇ ಅವರ ಮೇಲೆ ಬಿದ್ದರು. ಬಯಕೆಗೂ ಸರ್ಕಾರ ತಾರೀಖು ಕೊಡುತ್ತದೇನು ಎಂದು ಒಬ್ಬಳು, ಎಷ್ಟು ಹೆತ್ತೀಯಪ್ಪ ನೀನು ಎಂದು ಇನ್ನೊಬ್ಬಳು. ಯಲ್ಲೇಶ್ ತನ್ನ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡ.

ಎರ್ರೆಮ್ಮ ಸೊಸೆಯನ್ನು ಎಬ್ಬಿಸಲು ತಾನೇ ತಗ್ಗಿಗೆ ಇಳಿದಳು. ಕೈ ಹಿಡಿದು ಎಳೆಯಲೆಂದು ಪಕ್ಕಕ್ಕೆ ಕೂತಳು. ಕೂತವಳು ಎಳೆಯುವುದನ್ನು ಮರೆತಳು. ಕಂಪ್ಲಿಯಿಂದ ಕಾದ ಬಸ್ಸಿನಲ್ಲಿ ಬಂದ ಮೈ, ಕೆಳಗೆ ಕಾಲುವೆಯ ತೇವ ಹೀರಿದ ಮಣ್ಣು. ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಸೊಸೆಯ ಭುಜ ತಟ್ಟಿ, "ಸ್ವಲ್ಪ ಅತ್ತಾಗ ಸರಿ," ಎಂದಳು.

ಊರು ನೋಡುತ್ತಿದ್ದಂತೆ ಬೀಗಿತ್ತಿ ಜಂಬಯ್ಯನ ಮನೆಯ ತಗ್ಗಿನಲ್ಲಿ ಅಂಗಾತ ಮಲಗಿದಳು.

"ಅಮ್ಮಾರ, ನೀವರ ಹೇಳ್ರಿ," ಲಿಂಗರಾಜರ ದನಿ ಅಳುವ ಹಾಗಿತ್ತು. "ನಾನು ಆರ್ಡರ್ ಬರೀಬೇಕು. ಏನಂತ ಬರೀಲಿ? ಹೆರಿಗಿ ಆಗೋ ತನಕ ಬಿಟ್ಟೀವಿ ಅಂತ ಬರೀಲೇನು?"

ಎರ್ರೆಮ್ಮ ಕಣ್ಣು ತೆರೆಯದೆ ಹೇಳಿದಳು: "ಹೆರಿಗಿ ಹೊಸಪೇಟಿ ದವಾಖಾನ್ಯಾಗ ಆಗ್ತೈತಪ್ಪ. ಅದು ಮುಗಿದ ಮ್ಯಾಲ ಐದು ತಿಂಗಳು ಬಾಣಂತನ. ಅದು ಮುಗಿಯೋ ತನಕ ಅಂತ ಬರಿ. ನನ್ನ ಸೊಸಿ ತವರಮನ್ಯಾಗ ಅದಾಳ. ಯಾರು ಎಬ್ಬಿಸ್ತಾರೋ ಎಬ್ಬಿಸ್ಲಿ, ನೋಡ್ತೀನಿ."

ತವರಮನೆ ಎಂಬ ಮಾತು ಎರ್ರೆಮ್ಮನ ಬಾಯಿಂದಲೇ ಬಂದದ್ದು ಕೇಳಿ ಜಂಬಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. ರೇಣುಕಮ್ಮ ಬೀಸಣಿಗೆ ತರಲು ಒಳಗೆ ಓಡಿದಳು. ತಗ್ಗಿನಿಂದ ಆಗಲೇ ಸಣ್ಣಗೆ ಗೊರಕೆ ಕೇಳುತ್ತಿತ್ತು, ಅದು ಯಾರದೆಂದು ಊರಿನವರು ಇನ್ನೂ ವಾದ ಮಾಡುತ್ತಾರೆ.

ಲಿಂಗರಾಜ್ ಕಟ್ಟೆಯ ಮೇಲೆ ಕೂತು, ತಲೆಯ ಬೋಗುಣಿ ತೆಗೆದು ತೊಡೆಯ ಮೇಲಿಟ್ಟು, ಅದರ ಬೆನ್ನ ಮೇಲೆ ಹಾಳೆಯಿಟ್ಟುಕೊಂಡು ಆರ್ಡರ್ ಬರೆದರು. ಸಹಿ ಹಾಕಿದರು. ಜೇಬಿನಿಂದ ಸೀಲು ತೆಗೆದು ಒತ್ತಿದರು. "ತಗೊಳ್ರಿ ಜಂಬಯ್ಯನವ್ರ, ನಿಮ್ಮ ಅಪ್ಪಣೆ," ಎಂದು ಚಾಚಿದರು.

ಜಂಬಯ್ಯ ಕೈ ಮುಂದೆ ಮಾಡಲಿಲ್ಲ. ತಗ್ಗಿನ ಕಡೆ ಒಮ್ಮೆ ನೋಡಿ, ಬೆರಳು ತುಟಿಗೆ ಒತ್ತಿಕೊಂಡ.

"ಅದನ್ನ ನೀವ ಇಟ್ಕೊಳ್ರಿ ಸಾಹೇಬ್ರ," ಎಂದ. "ಮೆಲ್ಲಕ ಹೋಗ್ರಿ. ನನ್ನ ಮಗಳು ಮಲಗ್ಯಾಳ."